ನಿಮಗಿದು ಗೊತ್ತೆ?: ಆಲ್ಪ್ಸ್‌ನ ಊರು, ನಮ್ಮ ಶಿಖರಕ್ಕಿಂತ ಎತ್ತರ
ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ ಐಷಾರಾಮಿ ಹೋಟೆಲುಗಳಿಗೆ ಹೆಸರಾದ ಊರು. ಅದು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್ 1,748 ಮೀಟರ್. ಎಂದರೆ ಅಲ್ಲಿನ ಊರೇ ನಮ್ಮ ಶಿಖರಕ್ಕಿಂತ ಎತ್ತರ!

ಸೇಂಟ್ ಮೊರಿಟ್ಜ್‌ಗೆ ಮೊದಲು ಬೇಸಿಗೆಯಲ್ಲಷ್ಟೇ ಪ್ರವಾಸಿಗರು ಬರುತ್ತಿದ್ದರು. ಹೋಟೆಲ್ ಮಾಲೀಕ ಯೊಹಾನೆಸ್ ಬಾಡ್ರುಟ್ 1864ರಲ್ಲಿ ಇಂಗ್ಲಿಷ್ ಅತಿಥಿಗಳೊಂದಿಗೆ ಪಂತ ಕಟ್ಟಿ, ಚಳಿಗಾಲಕ್ಕೂ ಅವರನ್ನು ಕರೆಸಿದನೆಂಬ ಕಥೆಯಿದೆ.

ಅಂಥ ಹೋಟೆಲುಗಳು ನಮ್ಮ ಕೊಡಗಿನಲ್ಲೂ ಇವೆ. ತಡಿಯಂಡಮೋಳ್ ಸಮೀಪದ ಕಬ್ಬಿನಕಾಡಿನಲ್ಲಿ ಕಾಫಿ ತೋಟದ ನಡುವೆಯೇ ರೆಸಾರ್ಟ್ ಇದೆ. ಮಡಿಕೇರಿ ಬಳಿಯ ಗಾಳಿಬೀಡಿನಲ್ಲಿ ಸ್ಪಾ ಇರುವ ತಾಜ್ ಹೋಟೆಲ್. ಆದರೆ ಕೊಡಗಿನ ಗಡಿಯೂರು ಕರಿಕೆಯ ಸೊಬಗೇ ಬೇರೆ. ಭಾಗಮಂಡಲದಿಂದ ದಟ್ಟ ಕಾಡಿನ ಘಾಟಿ ಇಳಿದು, ಕರಿಕೆ ದಾಟಿದರೆ ಕೇರಳದ ಪಾಣತ್ತೂರು. ಹೋಟೆಲನ್ನು ಎಲ್ಲಿ ಬೇಕಾದರೂ ಕಟ್ಟಬಹುದು, ಈ ಮಳೆಕಾಡನ್ನು ಕಟ್ಟಲಾಗದು.