ವಿಲಾಯತಿ ಅಂಗಡಿಯ ಮಾಳಿಗೆಯಲ್ಲಿ ಖಾದಿ

ಮುಂಬಯಿಯ ಕೋಟೆ ಭಾಗದಲ್ಲಿ ಈಗ ದಾದಾಭಾಯಿ ನವರೋಜಿ ಮಾರ್ಗವೆನಿಸಿಕೊಳ್ಳುವ ಬೀದಿಗೆ ಪೂರ್ವದಲ್ಲಿ ಹಾರ್ನ್‌ಬಿ ರೋಡ್ ಎಂಬ ಹೆಸರಿತ್ತು. 1771ರಿಂದ 1784ರ ವರೆಗೆ ಗವರ್ನರನಾಗಿದ್ದ ವಿಲಿಯಂ ಹಾರ್ನ್‌ಬಿಯ ಹೆಸರು ಹೋಗಿ, ಹಿಂದುಸ್ತಾನದ ಸಂಪತ್ತು ವರ್ಷವರ್ಷವೂ ವಿಲಾಯತಿಗೆ ಹೇಗೆ ಹರಿದುಹೋಗುತ್ತಿತ್ತೆಂಬದನ್ನು ಅಂಕಿಗಳಿಂದಲೇ ಸಿದ್ಧಪಡಿಸಿದ ಮಹನೀಯರ ಹೆಸರು ಬಂದದ್ದು ಉಚಿತವೇ ಆಯಿತು. ಈ ಬೀದಿಯ 286ನೆಯ ಅಂಕಿಯ ಮಾಳಿಗೆಯ ವೃತ್ತಾಂತವು ವಾಚಕರ ಲಕ್ಷ್ಯಕ್ಕೆ ಬರತಕ್ಕದ್ದೆಂದು ನಮಗೆ ತೋರುತ್ತದೆ.

ಇದನ್ನು ಮೊದಲು ತುಂಬಿದ್ದು ವೈಟ್‌ಅವೇ ಲೇಡ್‌ಲಾ ಕಂಪನಿಯ ಸರಕು. ರಾಬರ್ಟ್ ಲೇಡ್‌ಲಾ ಎಂಬ ಸ್ಕಾಟ್ಲಂಡದ ಗೃಹಸ್ಥನು 1882ರಲ್ಲಿ ಕಲಕತ್ತೆಯಲ್ಲಿ ತನ್ನ ಪಾಲುದಾರನೊಡನೆ ಹಾಕಿದ ಈ ಅಂಗಡಿಯು ಮುಂಬಯಿ, ಮದ್ರಾಸು, ಲಾಹೋರು, ಸಿಮ್ಲಾಗಳಿಗೂ, ಸಮುದ್ರದಾಚೆ ರಂಗೂನು, ಕೊಲಂಬೊ, ಸಿಂಗಾಪುರಗಳಿಗೂ ಹಬ್ಬಿತು. ಒಂದೇ ಸೂರಿನ ಕೆಳಗೆ ಬಟ್ಟೆ, ಬೂಟು, ಟೊಪ್ಪಿಗೆ, ಮನೆಯ ಸಾಮಾನು. ಬೆಲೆ ಒಂದೇ ಮಾತು, ಚೌಕಾಶಿಯಿಲ್ಲ, ಉದ್ರಿಯೂ ಇಲ್ಲ. ಸಾಹೇಬರ ಪೈಕಿ ದೊಡ್ಡವರು ಚೀಟಿಯ ಮೇಲೆ ಸಹಿ ಹಾಕಿ ಸರಕು ಒಯ್ಯುತ್ತಿದ್ದ ಕಾಲದಲ್ಲಿ ಇವನು ನಗದನ್ನೇ ಕೇಳಿದ್ದರಿಂದ, ಕಂಪನಿಯ ಹೆಸರನ್ನೇ ತಿರುಚಿ ‘ರೈಟ್‌ಅವೇ ಅಂಡ್ ಪೇಯ್ಡ್‌ಫಾರ್’ ಎಂದು ಜನರು ಹಾಸ್ಯಮಾಡುತ್ತಿದ್ದರು. ಆದರೆ ಕಡಿಮೆ ಸಂಬಳದ ಆಂಗ್ಲರೂ, ನಮ್ಮವರಲ್ಲಿ ಕೋಟು ಕಾಲರುಗಳ ಅಭ್ಯಾಸ ಹಿಡಿದವರೂ ಗಿರಾಕಿಗಳಾದದ್ದು ಇದರಿಂದಲೇ. ಲೇಡ್‌ಲಾ 1906ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ಮುಂದೆ ‘ಸರ್’ ಪದವಿಯನ್ನೂ ಪಡೆದನು. ಅಫೀಮಿನ ವ್ಯಾಪಾರವನ್ನು ಅವನು ವಿರೋಧಿಸಿದನೆಂಬದನ್ನೂ ನ್ಯಾಯಕ್ಕಾಗಿ ಹೇಳಲೇಬೇಕು.

ಮಾಳಿಗೆಯ ಮುಖಕ್ಕೂ ಒಂದು ಕಾರಣವುಂಟು. ಹಾರ್ನ್‌ಬಿ ರೋಡಿನ ಕಟ್ಟಡಗಳು ನೆಲಮಟ್ಟದಲ್ಲಿ ಪಾದಚಾರಿಗಳಿಗಾಗಿ ಕಮಾನುಗಳ ಪಡಸಾಲೆಯನ್ನು ಬಿಡಲೇಬೇಕೆಂದು 1896ರಲ್ಲಿ ಸರಕಾರವು ನಿಯಮ ಮಾಡಿತು. ಒಂದೊಂದು ಮಾಳಿಗೆಯ ಶೈಲಿಯು ಬೇರೆಬೇರೆಯಾದರೂ ಅಡಿಯ ಕಮಾನುಸಾಲು ತುಂಡಾಗಲಿಲ್ಲ. ಮಳೆಗಾಲದಲ್ಲಿ ಕೊಡೆಯಿಲ್ಲದೆ ನಡೆದುಹೋಗುವವನು ಇಂದಿಗೂ ಆ ನಿಯಮದ ಉಪಕಾರವನ್ನು ಉಣ್ಣುತ್ತಾನೆ. ಪರಸರಕಾರವು ಮಾಡಿದ್ದೆಲ್ಲವೂ ಕೆಟ್ಟದ್ದೆಂದು ನಾವು ಎಂದೂ ಹೇಳಿಲ್ಲ.

ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ವರೆಗೆ ಮುಂಬಯಿಗೇ ಸೇರಿದ್ದವು. ಆದುದರಿಂದ ಹಾರ್ನ್‌ಬಿ ರೋಡು ನಮ್ಮ ಜನರಿಗೂ ರಾಜಧಾನಿಯ ಬೀದಿಯೇ ಆಗಿತ್ತು. ಅದೇ ಪ್ರಾಂತದ ಇನ್ನೊಂದು ಕಥೆಯನ್ನೂ ಇದರ ಪಕ್ಕದಲ್ಲಿಡಬೇಕು. 1921ರ ಜುಲೈ 31ರಂದು ಪರೇಲಿನಲ್ಲಿ ಗಾಂಧೀಜಿಯವರ ಸಮಕ್ಷಮದಲ್ಲಿ ಪರದೇಶಿ ಬಟ್ಟೆಗಳ ರಾಶಿಗೆ ಬೆಂಕಿ ಬಿದ್ದಿತು. 1924ರ ಡಿಸೆಂಬರದಲ್ಲಿ, ಅವರದೇ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸು ಸದಸ್ಯತ್ವದ ವಂತಿಗೆಯನ್ನು ತಿಂಗಳಿಗೆ 2,000 ಗಜ ಕೈನೂಲಿನ ರೂಪದಲ್ಲಿ ಗೊತ್ತುಮಾಡಿತು. 1930ರ ಡಿಸೆಂಬರ 12ರಂದು ಪರದೇಶಿ ಅರಿವೆಯ ಲಾರಿಯನ್ನು ತಡೆಯಹೋದ ಬಾಬು ಗೇನು ಎಂಬ ಗಿರಣಿಯ ಕೂಲಿಕಾರನು ಕಾಳಬಾದೇವಿಯ ರಸ್ತೆಯಲ್ಲಿ ಅದರ ಗಾಲಿಗೆ ಸಿಕ್ಕು ಪ್ರಾಣಬಿಟ್ಟನು. ಹಾರ್ನ್‌ಬಿ ರೋಡಿಗೆ ಆ ಸ್ಥಳವೇನೂ ದೂರವಲ್ಲ.

1946ರಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೊಂದು ವರ್ಷ ಉಳಿದಿರುವಾಗಲೇ, ಇದೇ ಮಾಳಿಗೆಯಲ್ಲಿ ಖಾದಿ ಭಂಡಾರವು ಕಾಲಿಟ್ಟಿತು. ಮಾಳಿಗೆಗೆ ಮೆಟ್ರೊಪಾಲಿಟನ್ ಇನ್ಶೂರನ್ಸ್ ಹೌಸ್ ಎಂಬ ಹೆಸರು ಬಂದಿತು. ಹಳೆಯ ವಾಸ್ತುವನ್ನು ಕೆಡವದೆ, ಅದಕ್ಕೆ ಪ್ರತಿಕೂಲವಾದ ತತ್ತ್ವವನ್ನೇ ಅದರೊಳಗೆ ಪ್ರತಿಷ್ಠೆಮಾಡಿದ ಇಂಥ ಉದಾಹರಣೆಯು ನಮ್ಮ ದೇಶದಲ್ಲಿ ವಿರಳ. ಮ್ಯಾಂಚೆಸ್ಟರಿನ ಥಾನುಗಳಿಗೆ ಒಗ್ಗಿದ ಪೇಟೆಯಲ್ಲಿ ದೊರಗು ಖಾದಿಯ ಸುರುಳಿಗಳು ಬಂದವು. ಜೇನುತುಪ್ಪ, ಸಾಬೂನು, ಕೈಕಾಗದಗಳೂ ಬಂದವು. ಲೇಡ್‌ಲಾನ ಒಂದೇ ಬೆಲೆಯ ನೀತಿ ಮಾತ್ರ ಖಾದಿಯವರಿಗೂ ಒಪ್ಪಿಗೆಯಾದದ್ದು ವಿನೋದದ ಸಂಗತಿ.

ಈ ಬೀದಿಯ ಮುಖವನ್ನು ಕಾಯಲಿಕ್ಕೆ ಕಾನೂನು ಉಂಟು. ಮುಂಬಯಿಯ ಪಾರಂಪರಿಕ ವಾಸ್ತುಗಳ ನಿಯಮಾವಳಿಯು 1995ರಲ್ಲಿ ಜಾರಿಗೆ ಬಂದಿತು. ಅಂಗಡಿಕಾರರೂ ನಗರಪ್ರೇಮಿಗಳೂ ಕೂಡಿ ಅಡ್ಡಾದಿಡ್ಡಿ ಫಲಕಗಳನ್ನು ತೆಗೆಯಿಸಿ ಕಮಾನುಗಳನ್ನು ಸ್ವಚ್ಛಗೊಳಿಸಿದ ಕಾರ್ಯಕ್ಕೆ 2004ರಲ್ಲಿ ಯುನೆಸ್ಕೊ ಸಂಸ್ಥೆಯ ಮನ್ನಣೆಯೂ ದೊರೆಯಿತು. ಆದರೆ ಕಲ್ಲನ್ನು ಕಾಯುವ ಕಾನೂನಿಗೆ ಒಳಗಿನ ಕಪಾಟು ಕಾಣುವದಿಲ್ಲ. 1954ರಿಂದ ಈ ಭಂಡಾರವನ್ನು ನಡೆಯಿಸುತ್ತ ಬಂದ ಮುಂಬಯಿಯ ಹಳೆಯ ಖಾದಿ ಸಂಘದ ಪ್ರಮಾಣಪತ್ರವನ್ನು ಖಾದಿ ಗ್ರಾಮೋದ್ಯೋಗ ಆಯೋಗವು 2022ರಲ್ಲಿ ರದ್ದುಪಡಿಸಿತು. ಇಲ್ಲಿ ಖಾದಿಯಲ್ಲದ ಸರಕನ್ನು ಖಾದಿಯ ಹೆಸರಿನಲ್ಲಿ ಮಾರುತ್ತಿದ್ದರೆಂಬದು ಆಯೋಗದ ಆರೋಪ. ಕಾಯಿದೆಯ ಪ್ರಕಾರ ಕೈಯಿಂದ ನೂತ ನೂಲಿನಿಂದ ಕೈಮಗ್ಗದಲ್ಲಿ ನೇಯ್ದದ್ದೇ ಖಾದಿ. ಗಿರಣಿಯ ಅರಿವೆ ಆ ಹೆಸರಿನಿಂದ ಮಾರಾಟವಾದರೆ ವಂಚಿತನಾಗುವವನು ಮುಂಬಯಿಯ ಗಿರಾಕಿಯೊಬ್ಬನೇ ಅಲ್ಲ. ಹಳ್ಳಿಯಲ್ಲಿ ಚರಕದ ಮುಂದೆ ಕುಳಿತ ಹೆಂಗಸಿನ ದಿನದ ಕೂಲಿಯೂ ಹೋಗುವದು.

ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಧಾರವಾಡ ಜಿಲ್ಲೆಯ ಗರಗದಲ್ಲಿ ಧ್ವಜದ ಖಾದಿಯನ್ನು ನೇಯುವರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತ ಬಂದಿದೆ. ಮುಂಬಯಿಯ ಆ ಪ್ರಮಾಣಪತ್ರ ರದ್ದಾಗುವ ಮುನ್ನ, 2021ರ ಡಿಸೆಂಬರ 30ರಂದು, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಕೇಂದ್ರ ಸರಕಾರವು ಅನುಮತಿಯಿತ್ತಿತ್ತು. ಒಂದು ಕೈಯಿಂದ ಕಳ್ಳ ಖಾದಿಯನ್ನು ಹಿಡಿಯುತ್ತ ಇನ್ನೊಂದು ಕೈಯಿಂದ ನಿಜವಾದ ಖಾದಿಯ ಗಿರಾಕಿಯನ್ನು ಯಂತ್ರಕ್ಕೆ ಬಿಟ್ಟುಕೊಡುವ ಈ ನೀತಿಯ ಸಂಗತಿ ನಮಗೆ ತಿಳಿಯದು.

ಆಯೋಗವು ನಿಷ್ಠುರವಾಗಿ ನಡೆದುಕೊಂಡದ್ದು ತಪ್ಪೆಂದು ನಾವು ಹೇಳುವದಿಲ್ಲ. ಆದರೆ ಪ್ರಮಾಣಪತ್ರವನ್ನು ಕಿತ್ತುಕೊಂಡಲ್ಲಿಗೆ ಅದರ ಕೆಲಸ ಮುಗಿಯಲಾರದು. ಆ ಮಾಳಿಗೆಯಲ್ಲಾಗಲಿ ಬೇರೆ ಯಾವ ಊರಿನ ಭಂಡಾರದಲ್ಲಾಗಲಿ, ಮಾರಾಟಕ್ಕಿಟ್ಟ ಪ್ರತಿಯೊಂದು ಥಾನಿನ ಮೇಲೆ ನೂತ ಊರಿನ ಹೆಸರನ್ನೂ ನೇಯ್ದ ಸಂಘದ ಹೆಸರನ್ನೂ ಓದಲಿಕ್ಕೆ ಬರುವಂತೆ ಬರೆಯಿಸತಕ್ಕದ್ದು. ಧ್ವಜದ ಮಟ್ಟಿಗಾದರೂ ಸರಕಾರಿ ಕಚೇರಿಗಳು ಗರಗ, ಬೆಂಗೇರಿಗಳ ಅರಿವೆಯನ್ನೇ ಕೊಳ್ಳತಕ್ಕದ್ದು. ಮುಂದಿನ ಆಗಸ್ಟಿಗೆ ಮೊದಲು ನಮ್ಮ ಜಿಲ್ಲೆಗಳ ಅಧಿಕಾರಿಗಳು ತಮ್ಮ ಕಚೇರಿಯ ಧ್ವಜವು ಎಲ್ಲಿಂದ ಬಂದಿತೆಂಬದನ್ನು ಒಮ್ಮೆ ವಿಚಾರಿಸಿ ನೋಡಲಿ.