ಬೀಗ ಬಿದ್ದ ಕ್ಲಿನಿಕ್, ಮುಗಿಯದ ಸುದ್ದಿ

ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿನ ಹುಮನಾಬಾದ್, ಅದಕ್ಕೆ ಪಶ್ಚಿಮದ ಬಸವಕಲ್ಯಾಣ ಎರಡೂ ಬೀದರ್ ಜಿಲ್ಲೆಯ ಗಡಿ ಸೀಮೆಯ ತಾಲ್ಲೂಕು ಕೇಂದ್ರಗಳು. ಒಂದು ದಿಕ್ಕಿಗೆ ತೆಲಂಗಾಣದ ಜಹೀರಾಬಾದ್, ಇನ್ನೊಂದು ದಿಕ್ಕಿಗೆ ಮಹಾರಾಷ್ಟ್ರದ ಉಮರ್ಗಾ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದ. ರೋಗಿಯ ಆರೈಕೆಯೇ ಅವನ ಕಾಯಕ. ಕಾಯಕವೆಂದರೆ ಬರಿಯ ದುಡಿಮೆಯಲ್ಲ, ಪ್ರಾಮಾಣಿಕ ದುಡಿಮೆ ಎಂದು ಜಗತ್ತಿಗೆ ಸಾರಿದ ನೆಲವಿದು. ಓದದೆ, ನೋಂದಾಯಿಸಿಕೊಳ್ಳದೆ ವೈದ್ಯನ ಹೆಸರು ಹೊತ್ತು ಕೂರುವ ದಂಧೆಯ ಬಗ್ಗೆ ಮಾತನಾಡಲು ಇದಕ್ಕಿಂತ ತಕ್ಕ ಜಾಗ ಮತ್ತೊಂದಿರಲಾರದು.

ಪರವಾನಗಿ ಇಲ್ಲದ ಕ್ಲಿನಿಕ್ಕಿನ ಸುದ್ದಿ ನಮ್ಮ ಜಿಲ್ಲಾ ಪುಟಗಳಿಗೆ ಹೊಸದಲ್ಲ. ಅಧಿಕಾರಿಗಳ ದಾಳಿ, ಬಾಗಿಲಿಗೆ ಬೀಗ, ಮೇಜಿನ ಮೇಲೆ ಜೋಡಿಸಿಟ್ಟ ಔಷಧಗಳ ಛಾಯಾಚಿತ್ರ, ‘ಕಠಿಣ ಕ್ರಮ’ದ ಭರವಸೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆದರೆ ದಂಧೆ ಅಲ್ಲಿಗೆ ಮುಗಿಯುತ್ತದೆಯೇ? ಗಡಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕವಿದೆ. ಇಲ್ಲಿ ಮುಚ್ಚಿದ ಅಂಗಡಿಯನ್ನು ಒಂದು ತಾಸಿನ ದಾರಿಯಲ್ಲಿ, ಇನ್ನೊಂದು ರಾಜ್ಯದಲ್ಲಿ ತೆರೆಯಲು ದೊಡ್ಡ ಬಂಡವಾಳವೇನೂ ಬೇಡ. ಅಲ್ಲಿನ ನೋಂದಣಿ ಪ್ರಾಧಿಕಾರ ಬೇರೆ, ಪೊಲೀಸ್ ಠಾಣೆ ಬೇರೆ, ಪತ್ರಿಕೆಯ ಭಾಷೆಯೂ ಬೇರೆ.

ಹಾನಿಯ ಸ್ವರೂಪವನ್ನು ನೋಡೋಣ. ಮೈಕೈ ನೋವಿಗೆ ಸ್ಟೆರಾಯ್ಡ್ ಕೊಟ್ಟರೆ ರೋಗಿ ಮರುದಿನವೇ ಎದ್ದು ಕೂಲಿಗೆ ಹೋಗುತ್ತಾನೆ. ‘ಕೈಗುಣ’ ಒಳ್ಳೆಯದೆಂಬ ಹೆಸರು ಹರಡುತ್ತದೆ. ಅದೇ ಔಷಧ ತಿಂಗಳುಗಟ್ಟಲೆ ಒಳಹೋದರೆ ಸಕ್ಕರೆ ಕಾಯಿಲೆ ತಲೆಯೆತ್ತಬಹುದು, ಮೂಳೆ ಸವೆಯುತ್ತದೆ, ಸೋಂಕಿನ ಲಕ್ಷಣಗಳು ಮರೆಯಾಗುತ್ತವೆ. ಡೆಂಗಿ ಜ್ವರಕ್ಕೆ ಕೆಲವು ಬಗೆಯ ನೋವು ನಿವಾರಕಗಳನ್ನು ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ರತಿ ನೆಗಡಿಗೂ ಆ್ಯಂಟಿಬಯೋಟಿಕ್ ಸುರಿದರೆ ನಿಜಕ್ಕೂ ಬೇಕಾದ ದಿನ ಅದು ಕೆಲಸ ಮಾಡುವುದಿಲ್ಲ. ಇವೆಲ್ಲ ನಿಧಾನ ವಿಷಗಳು. ಸಾವು ಸಂಭವಿಸುವ ಹೊತ್ತಿಗೆ ಮೊದಲ ಸೂಜಿ ಚುಚ್ಚಿದವನ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಕೆಲವೊಮ್ಮೆ ಮಾತ್ರ ಹಾನಿ ಕಣ್ಣಿಗೆ ರಾಚುತ್ತದೆ. ಉತ್ತರಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮವು ಪ್ರದೇಶದಲ್ಲಿ 2018ರ ಆರಂಭದಲ್ಲಿ 40ಕ್ಕೂ ಹೆಚ್ಚು ಜನರಲ್ಲಿ ಎಚ್‌ಐವಿ ಸೋಂಕು ಪತ್ತೆಯಾದ ಸಂಗತಿ ದೇಶದ ಗಮನ ಸೆಳೆಯಿತು. ಒಂದೇ ಸಿರಿಂಜನ್ನು ಹಲವರಿಗೆ ಬಳಸಿದ ನಕಲಿ ವೈದ್ಯನತ್ತ ಅಲ್ಲಿನ ಆರೋಗ್ಯ ಇಲಾಖೆ ಬೆರಳು ಮಾಡಿತು. ನಮ್ಮಲ್ಲೇ 2023ರ ನವೆಂಬರ್‌ನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಬಯಲಾಯಿತು. ಸುಮಾರು 900 ಗರ್ಭಪಾತಗಳು ನಡೆದಿವೆ ಎಂದು ಪೊಲೀಸರು ಹೇಳಿದಾಗ ರಾಜ್ಯ ಬೆಚ್ಚಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಇಂಥ ಯಂತ್ರ ಇರುವುದನ್ನು ಇಷ್ಟು ಕಾಲ ಯಾರೂ ಕಾಣಲಿಲ್ಲವೆಂದರೆ, ಕಾಣಬೇಕಾದವರು ಅತ್ತ ನೋಡಲಿಲ್ಲ ಎಂದೇ ಅರ್ಥ.

ಕಾನೂನಿನ ಕೊರತೆ ಇದೆಯೇ? ಖಂಡಿತ ಇಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದದ್ದು 2007ರಲ್ಲಿ. ಅದರ ಪ್ರಕಾರ ನೋಂದಣಿಯಿಲ್ಲದೆ ಒಂದು ಕೋಣೆಯ ಕ್ಲಿನಿಕ್ಕನ್ನೂ ನಡೆಸುವಂತಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವೇ ನೋಂದಣಿ ಕೊಡುತ್ತದೆ, ದೂರು ಆಲಿಸುತ್ತದೆ. ಹಳೆಯ ವೈದ್ಯಕೀಯ ಮಂಡಳಿ ಕಾಯ್ದೆಯಲ್ಲಿ ನಕಲಿ ವೈದ್ಯನಿಗೆ ವಿಧಿಸಬಹುದಾಗಿದ್ದ ದಂಡ ಹೆಚ್ಚೆಂದರೆ 1,000 ರೂಪಾಯಿ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಅದನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಒಂದು ವರ್ಷದವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಒಂದು ಪದ್ಧತಿಯಲ್ಲಿ ಓದಿ ಇನ್ನೊಂದು ಪದ್ಧತಿಯ ಔಷಧ ಕೊಡುವವರೂ ಆ ಮಟ್ಟಿಗೆ ನಕಲಿಗಳೇ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಪ್ರತಿ ಕ್ಲಿನಿಕ್ ತನ್ನ ನೋಂದಣಿ ಸಂಖ್ಯೆಯನ್ನು ಫಲಕದಲ್ಲಿ ಕಾಣುವಂತೆ ಬರೆಯಬೇಕು, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣವಿರಬೇಕು ಎಂಬ ಸೂಚನೆಯೂ 2024ರಲ್ಲಿ ಹೊರಬಿತ್ತು.

ಕಾಯ್ದೆ ಇದೆ, ಪ್ರಾಧಿಕಾರ ಇದೆ, ಫಲಕದ ಬಣ್ಣವೂ ನಿಗದಿಯಾಗಿದೆ. ಇಲ್ಲದಿರುವುದು ಬೆನ್ನು ಹತ್ತುವ ವ್ಯವಧಾನ. ತನಿಖಾ ಪತ್ರಿಕೋದ್ಯಮದ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ. ಗುಪ್ತ ಕ್ಯಾಮೆರಾ ಹಿಡಿದು ಒಳನುಗ್ಗುವುದಷ್ಟೇ ತನಿಖೆಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು. ತಾಲ್ಲೂಕಿನಲ್ಲಿ ನೋಂದಣಿಯಾದ ಕ್ಲಿನಿಕ್‌ಗಳೆಷ್ಟು? ನೋಂದಣಿಯ ಅವಧಿ ಮುಗಿದವೆಷ್ಟು? ಕಳೆದ ಐದು ವರ್ಷಗಳಲ್ಲಿ ಬೀಗ ಹಾಕಿದವುಗಳ ಪೈಕಿ ಎಷ್ಟರ ಮೇಲೆ ಮೊಕದ್ದಮೆ ಹೂಡಲಾಯಿತು? ಶಿಕ್ಷೆಯಾದದ್ದು ಎಷ್ಟು ಪ್ರಕರಣಗಳಲ್ಲಿ? ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೂ ಒಂದು ಸುದ್ದಿಯೇ.

ಆದರೆ ಈ ಕೆಲಸ ಮಾಡಬೇಕಾದ ತಾಲ್ಲೂಕು ವರದಿಗಾರನ ಸ್ಥಿತಿ ಹೇಗಿದೆ? ಸುದ್ದಿಯ ಜತೆಗೆ ಜಾಹೀರಾತನ್ನೂ ತರಬೇಕಾದ ಒತ್ತಡ ಅವನ ಮೇಲಿದೆ. ಯಾರ ವಿರುದ್ಧ ಬರೆಯುತ್ತಾನೋ ಅವರನ್ನೇ ಮರುದಿನ ಸಂತೆಯಲ್ಲಿ ಎದುರುಗೊಳ್ಳಬೇಕು. ಇದರ ನಡುವೆ ಇನ್ನೊಂದು ವಿಪರ್ಯಾಸ: ನಕಲಿ ವೈದ್ಯರಿದ್ದಂತೆ ನಕಲಿ ಪತ್ರಕರ್ತರೂ ಇದ್ದಾರೆ. ‘ಪ್ರೆಸ್’ ಗುರುತುಚೀಟಿ ಕೊರಳಿಗೆ ಹಾಕಿಕೊಂಡು, ವಿಡಿಯೊ ಮಾಡಿ, ಬಿತ್ತರಿಸದಿರಲು ಹಣ ಕೇಳುವವರು. ಇಂಥವರಿಗೆ ಅಕ್ರಮ ಕ್ಲಿನಿಕ್ ಮುಚ್ಚುವುದು ಬೇಕಿಲ್ಲ. ಅದು ನಡೆಯುತ್ತಿದ್ದರೇ ತಿಂಗಳ ಮಾಮೂಲಿ. ಇವರಿಂದಾಗಿ ನಿಜವಾದ ವರದಿಗಾರನ ಪ್ರಶ್ನೆಯನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಹಾಗೆಂದು ಎಲ್ಲ ಬಾಗಿಲುಗಳಿಗೂ ಬೀಗ ಜಡಿದರೆ ಸಮಸ್ಯೆ ತೀರುವುದೂ ಇಲ್ಲ. ದೇಶದಲ್ಲಿ ಅಲೋಪಥಿ ವೈದ್ಯರೆಂದು ಹೇಳಿಕೊಂಡವರ ಪೈಕಿ ಶೇ 57ರಷ್ಟು ಮಂದಿಗೆ ವೈದ್ಯಕೀಯ ಅರ್ಹತೆಯೇ ಇರಲಿಲ್ಲ ಎಂದು 2001ರ ಜನಗಣತಿಯನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿ ಹೇಳಿತ್ತು. ಜನ ಇವರ ಬಳಿ ಹೋಗುವುದು ದಡ್ಡತನದಿಂದಲ್ಲ. ಕೂಲಿ ಮುಗಿದ ಮೇಲೂ ಬಾಗಿಲು ತೆರೆದಿರುತ್ತದೆ, ಸಾಲ ನಡೆಯುತ್ತದೆ, ಮಾತು ಅರ್ಥವಾಗುತ್ತದೆ. ಬೀದರ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ನಿಜ. ಆದರೆ ರಾತ್ರಿ ಎಂಟಕ್ಕೆ ಮಗುವಿನ ಮೈ ಸುಡುತ್ತಿರುವಾಗ ಗಡಿಯ ಹಳ್ಳಿಯ ತಾಯಿಗೆ ಬೀದರ್ ಬಲು ದೂರ. ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ಇಂಥ ಅನಧಿಕೃತ ಚಿಕಿತ್ಸಕರಿಗೆ ತರಬೇತಿ ಕೊಟ್ಟು ನೋಡಲಾಯಿತು. 2016ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ರೋಗ ನಿರ್ವಹಣೆ ಸುಧಾರಿಸಿತು, ಆದರೆ ಅನಗತ್ಯ ಔಷಧ ಕೊಡುವ ಚಾಳಿ ಹೋಗಲಿಲ್ಲ. ಅಂದರೆ ತರಬೇತಿಯೊಂದೇ ಮದ್ದಲ್ಲ. ಬೀಗವೊಂದೇ ಮದ್ದಲ್ಲ ಎಂಬುದೂ ಅಷ್ಟೇ ಸತ್ಯ.

ಆದ್ದರಿಂದ ವರದಿಗಾರ ಎರಡು ಬಾಗಿಲುಗಳ ಮುಂದೆ ನಿಲ್ಲಬೇಕು. ಒಂದು, ಪರವಾನಗಿಯಿಲ್ಲದೆ ತೆರೆದಿರುವ ಕ್ಲಿನಿಕ್ಕಿನದು. ಇನ್ನೊಂದು, ಪರವಾನಗಿಯ ಹಂಗಿಲ್ಲದಿದ್ದರೂ ಸಂಜೆಯ ನಂತರ ಮುಚ್ಚಿರುವ ಪ್ರಾಥಮಿಕ ಆರೋಗ್ಯ ಕೇಂದ್ರದ್ದು. ಮೊದಲನೆಯದನ್ನು ಮುಚ್ಚಿಸುವ ಬರಹ ಎರಡನೆಯದನ್ನು ತೆರೆಸದಿದ್ದರೆ ರೋಗಿಗೆ ಸಿಕ್ಕಿದ್ದೇನು? ಬೀಗ ಹಾಕಿದ ದಿನದ ಛಾಯಾಚಿತ್ರ ಎಲ್ಲ ಪತ್ರಿಕೆಗಳ ಬಳಿಯೂ ಇದೆ. ಆರು ತಿಂಗಳ ಬಳಿಕ ಅದೇ ಬಾಗಿಲಿನ ಮುಂದೆ ಮತ್ತೆ ನಿಂತು ತೆಗೆದ ಛಾಯಾಚಿತ್ರ ಎಷ್ಟು ಪತ್ರಿಕೆಗಳ ಬಳಿ ಇದೆ?