ಡಬ್ಬದ ಮೇಲೆ ಐ.ಎಸ್.ಓ., ಕುಕ್ಕರ್ ಮೇಲೆ ಏನಿದೆ?

ಕುಕ್ಕರಿನ ರಟ್ಟಿನ ಡಬ್ಬದ ಮೇಲೆ ‘ಐ.ಎಸ್.ಓ. 9001’ ಎಂದು ದಪ್ಪಕ್ಷರ. ‘ಸರಕಾರದ ಮುದ್ರೆ ಐತಲ್ಲ, ಕೊಡ್ರಿ’ ಎಂದು ಗಿರಾಕಿ ದುಡ್ಡು ಎಣಿಸುತ್ತಾನೆ. ಅದು ಸರಕಾರದ ಮುದ್ರೆಯೂ ಅಲ್ಲ, ಕುಕ್ಕರಿನ ಮುದ್ರೆಯೂ ಅಲ್ಲ!

ಜಿನೀವಾದ ಐ.ಎಸ್.ಓ. ಸಂಸ್ಥೆ 1987ರಲ್ಲಿ ಹೊರತಂದ 9001 ಕಾರ್ಖಾನೆಯ ಕೆಲಸದ ಪದ್ಧತಿಗೆ ಸೇರಿದ್ದು. ಅಳತೆಯ ಗೇಜು ಸರಿಯಿದೆಯೇ, ಕೆಟ್ಟ ಮಾಲು ಬಂದಾಗ ಕಾರಣ ಹುಡುಕಿದರೇ, ಎಲ್ಲಕ್ಕೂ ದಾಖಲೆ ಇದೆಯೇ ಎಂದು ನೋಡುತ್ತಾರೆ. ಸರ್ಟಿಫಿಕೇಟು ಕೊಡೋದೂ ಐ.ಎಸ್.ಓ. ಅಲ್ಲ, ಬೇರೆ ತಪಾಸಣಾ ಕಂಪನಿಗಳು.

ಮೋಟಾರು ಬಿಡಿಭಾಗ ಮಾಡುವವರಿಗೆ ಇಷ್ಟು ಸಾಲದು. ದೊಡ್ಡ ವಾಹನ ಕಂಪನಿಗಳು ಕೇಳುವುದು ಐ.ಎ.ಟಿ.ಎಫ್. 16949. ತಪ್ಪು ಎಲ್ಲೆಲ್ಲಿ ನುಸುಳಬಹುದು ಎಂದು ಮೊದಲೇ ಬರೆದಿಟ್ಟು, ತಡೆಯುವ ದಾರಿ ತೋರಿಸಬೇಕು. ಸಣ್ಣ ಕೈಗಾರಿಕೆಗಳಿಗೆ ಕೇಂದ್ರದ ‘ಜೆಡ್’ ಯೋಜನೆ ಬೇರೆ ಇದೆ: ಕಂಚು, ಬೆಳ್ಳಿ, ಚಿನ್ನ.

ಯಾವ ಮೆಟ್ಟಿಲು ಹತ್ತಿದ ಕಾರ್ಖಾನೆಯಾದರೂ ಕುಕ್ಕರಿಗೆ ಐ.ಎಸ್.ಐ. ಗುರುತು ಪಡೆಯಲೇಬೇಕು, 2021ರಿಂದ ಕಡ್ಡಾಯ. ಇಲ್ಲಿ ಪರೀಕ್ಷೆ ಪಾತ್ರೆಗೇ. ಒತ್ತಡ ತಡೆಯುತ್ತದೆಯೇ, ಸೇಫ್ಟಿ ವಾಲ್ವ್ ಹೊತ್ತಿಗೆ ಸರಿಯಾಗಿ ಬಿಚ್ಚುತ್ತದೆಯೇ? ಸಿಡಿದರೆ ಒಲೆಯ ಮುಂದೆ ನಿಂತವರ ಗತಿಯೇನು?

ಗುರುತಿಲ್ಲದ ಕುಕ್ಕರ್ ಮಾರಿದರೆ ಕೇಸು ಅಂಗಡಿಯವರ ಮೇಲೂ ಬೀಳುತ್ತದೆ. ‘ಹೋಲ್‌ಸೇಲಿನವರು ಕಳಿಸಿದ್ದು ಸ್ವಾಮಿ’ ಅಂದರೆ ನಡೆಯೋದಿಲ್ಲ. ಗುರುತಿನ ಮೇಲ್ಗಡೆ ಐ.ಎಸ್. 2347, ಕೆಳಗಡೆ ಸಿ.ಎಂ./ಎಲ್. ನಂಬರು ಇರಬೇಕು. ಆ ನಂಬರನ್ನು ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಒತ್ತಿದರೆ ಲೈಸೆನ್ಸು ಯಾರದು, ಚಾಲ್ತಿಯಲ್ಲಿದೆಯೋ ಇಲ್ಲವೋ ಅಂಗಡಿಯಲ್ಲೇ ಗೊತ್ತಾಗುತ್ತದೆ.